ಔಷಧವಿಲ್ಲದ ರೋಗಕ್ಕೆ ಅರಿವಿನ ದಾನ

ಆಫ್ರಿಕದ ಹಳ್ಳಿಗಳಿಗೆ ನೆರವೆಂದರೆ ಔಷಧದ ಪೆಟ್ಟಿಗೆ, ವೈದ್ಯರ ಶಿಬಿರ ಎಂಬುದೇ ಬಹುತೇಕ ದಾನಿಗಳ ಎಣಿಕೆ. ನಾರುಹುಣ್ಣಿನ ಇತಿಹಾಸ ಬೇರೆಯೇ ಪಾಠವನ್ನು ಹೇಳುತ್ತದೆ. ಈ ರೋಗಕ್ಕೆ ಔಷಧವೂ ಇಲ್ಲ, ಲಸಿಕೆಯೂ ಇಲ್ಲ. ಕೆರೆಯ ನೀರಿನಲ್ಲಿರುವ ಸಣ್ಣ ಜೀವಿಗಳ ಮೂಲಕ ದೇಹವನ್ನು ಸೇರಿದ ಹುಳು, ಸುಮಾರು ಒಂದು ವರ್ಷದ ಬಳಿಕ ಉದ್ದನೆಯ ದಾರದಂತೆ ಕಾಲಿನಿಂದ ಹೊರಬರುತ್ತದೆ.

1986ರಲ್ಲಿ ಆಫ್ರಿಕ ಮತ್ತು ಏಷ್ಯಗಳಲ್ಲಿ ಸುಮಾರು 35 ಲಕ್ಷ ಜನರನ್ನು ಬಾಧಿಸಿದ್ದ ಈ ರೋಗ 2023ರಲ್ಲಿ ಕಂಡುಬಂದದ್ದು 14 ಮಂದಿಯಲ್ಲಿ ಮಾತ್ರ. ಕಾರ್ಟರ್ ಸೆಂಟರ್, ವಿಶ್ವ ಆರೋಗ್ಯ ಸಂಸ್ಥೆಗಳು ಬೆಂಬಲವಿತ್ತವು, ನಿಜ. ಆದರೆ ನೀರನ್ನು ಬಟ್ಟೆಯಲ್ಲಿ ಸೋಸಬೇಕು, ಹುಣ್ಣಾದ ಕಾಲನ್ನು ಕೆರೆಗೆ ಇಳಿಸಬಾರದು ಎಂದು ಮನೆಮನೆಗೆ ಹೋಗಿ ಕಲಿಸಿದವರು ಆಯಾ ಊರಿನ ಸ್ವಯಂಸೇವಕರೇ. ಈ ಕಾರ್ಯಕ್ಕಾಗಿ 1995ರಲ್ಲಿ ಸುಡಾನಿನ ಅಂತರ್ಯುದ್ಧದಲ್ಲಿಯೂ ಕದನವಿರಾಮ ಏರ್ಪಟ್ಟಿತು.

ನೀರನ್ನು ಸೋಸಿ ಕುಡಿಯುವುದು ಜೈನರ ಪುರಾತನ ಆಚಾರ. ಆ ಆಚಾರ ಬಲವಾಗಿ ಬೇರೂರಿದ್ದ ರಾಜಸ್ಥಾನದಲ್ಲಿಯೇ ನಾರುಹುಣ್ಣು 1996ರವರೆಗೆ ಉಳಿದಿತ್ತು. ಸ್ವಂತ ಮನೆಯ ಕೊಡಕ್ಕೆ ಕಟ್ಟಿದ ಬಟ್ಟೆ ನೆರೆಯವರ ಕೊಡವನ್ನು ತಲುಪಲಿಲ್ಲ. ವ್ರತ ಹೊಸಿಲು ದಾಟದಿದ್ದರೆ ದಯೆ ಅಪೂರ್ಣವೇ ಸರಿ.

ಔಷಧದಾನದಂತೆ ಶಾಸ್ತ್ರದಾನವೂ ಚತುರ್ವಿಧ ದಾನಗಳಲ್ಲಿ ಒಂದು. ಅರಿವಿನ ಮೇಲೆ ದಾನಿಯ ಹೆಸರಿನ ಫಲಕ ಹಾಕಲಾಗದು. ಶಿಬಿರ ಮುಗಿದ ಮೇಲೂ ಊರಿನಲ್ಲಿ ಉಳಿಯುವುದು ಮಾತ್ರ ಅದೇ. ಸಮಾಜದ ಟ್ರಸ್ಟುಗಳು ದೂರದ ಹಳ್ಳಿಗೆ ಔಷಧ ಕಳುಹಿಸುವಾಗ, ಆ ಊರಿನ ಇಬ್ಬರಿಗಾದರೂ ತರಬೇತಿ ನೀಡುವ ವೆಚ್ಚವನ್ನು ಜೊತೆಗೆ ಸೇರಿಸಲಿ.