ಮೊದಲು ಮಣ್ಣು, ಆಮೇಲೆ ಬೆಂಕಿ

ಮಕ್ಕಳೇ, ನಿಮ್ಮ ಹವ್ಯಾಸ ಏನು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ? ಚಿತ್ರ ಬಿಡಿಸುವುದು, ಅಂಚೆಚೀಟಿ ಕೂಡಿಡುವುದು, ಕ್ರಿಕೆಟ್, ಹಾಡು. ಶಾಲೆಗಳಿಗೆ ಹೋದಾಗಲೆಲ್ಲ ನನಗೆ ಸಿಗುವ ಉತ್ತರಗಳು ಇವೇ. "ಕಬ್ಬಿಣ ಕಾಸಿ ಬಡಿಯುವುದು ನನ್ನ ಹವ್ಯಾಸ" ಎಂದು ಇದುವರೆಗೆ ಒಬ್ಬರೂ ಹೇಳಿಲ್ಲ. ಹೇಳಿದರೆ ತರಗತಿಯೆಲ್ಲ ನಕ್ಕೀತು. ಆದರೆ ಇಂಗ್ಲೆಂಡ್, ಅಮೆರಿಕಗಳಲ್ಲಿ ವಾರವೆಲ್ಲ ಕಚೇರಿಯಲ್ಲಿ ದುಡಿಯುವ ಎಷ್ಟೋ ಜನ ರಜೆಯ ದಿನ ಹಿತ್ತಲಲ್ಲಿ ಪುಟ್ಟ ಕುಲುಮೆ ಹೂಡಿ ಕೊಕ್ಕೆ, ಮೊಳೆ, ಚಿಲಕ ಮಾಡುತ್ತಾರೆ. ಅದಕ್ಕೆಂದೇ ಅಲ್ಲಿ ಸಂಘಗಳೂ ಇವೆ. ನಮ್ಮಲ್ಲಿ ಮಾತ್ರ ನಗು ಏಕೆ? ಕಮ್ಮಾರಿಕೆ ಕೆಲವು ಮನೆತನದವರ ಕೆಲಸ, ಉಳಿದವರಿಗೆ ಅದರ ಸಂಬಂಧವಿಲ್ಲ ಎಂದು ನಾವು ಎಂದೋ ಗೆರೆ ಎಳೆದುಬಿಟ್ಟಿದ್ದೇವೆ. ಈ ಗೆರೆಯನ್ನು ಅಳಿಸಬೇಕು, ಕಬ್ಬಿಣದ ಕೆಲಸ ಯಾವ ಮಗುವಿನ ಹವ್ಯಾಸವಾದರೂ ಆಗಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ ಅದನ್ನು ಬೆಂಕಿಯಿಂದ ಆರಂಭಿಸಬಾರದು.

ಹಾಗಾದರೆ ಯಾವುದರಿಂದ? ಮಣ್ಣಿನಿಂದ!

ಚೆನ್ನಾಗಿ ಕಾದ ಕಬ್ಬಿಣ ಹದವಾಗಿ ಕಲಸಿದ ಜೇಡಿಮಣ್ಣಿನ ಹಾಗೆಯೇ ವರ್ತಿಸುತ್ತದೆ. ಸುತ್ತಿಗೆಯ ಪೆಟ್ಟಿಗೆ ಎರಡೂ ಒಂದೇ ರೀತಿ ಹಿಗ್ಗುತ್ತವೆ, ಒಂದೇ ರೀತಿ ಬಿರಿಯುತ್ತವೆ. ಹೊಸದಾಗಿ ಕಲಿಯುವವರು ಮಣ್ಣಿನಲ್ಲಿ ಕೈ ಪಳಗಿಸಿಕೊಳ್ಳುವುದು ಹಳೆಯ ಉಪಾಯ. ಕೆರೆಯ ಜೇಡಿಮಣ್ಣು ತಂದು, ಕಲ್ಲು ಕಡ್ಡಿ ಆರಿಸಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ. 2 ಸೆಂ.ಮೀ. ಅಗಲ, 2 ಸೆಂ.ಮೀ. ದಪ್ಪ, 5 ಸೆಂ.ಮೀ. ಉದ್ದದ ಒಂದು ತುಂಡು ಮಾಡಿಕೊಳ್ಳಿ. ಚಪ್ಪಟೆ ಕಲ್ಲಿನ ಮೇಲಿಟ್ಟು ಮರದ ಪಟ್ಟಿಯಿಂದ ಬಡಿಯಿರಿ. ಒಂದೇ ಮಗ್ಗುಲನ್ನು ಬಡಿಯುತ್ತ ಹೋದರೆ ಅದು ರೊಟ್ಟಿಯಾಗುತ್ತದೆ. ಒಂದೆರಡು ಪೆಟ್ಟಿಗೊಮ್ಮೆ ಕಾಲು ಸುತ್ತು ಹೊರಳಿಸಿ ಬಡಿದರೆ ಚೌಕವಾಗಿಯೇ ಉಳಿದು ಉದ್ದವಾಗುತ್ತದೆ. ಅಗಲ, ದಪ್ಪ ಎರಡೂ 1 ಸೆಂ.ಮೀ.ಗೆ ಇಳಿದಾಗ ಉದ್ದ ಎಷ್ಟಾಗಿರಬೇಕು? ಮೊದಲು ಲೆಕ್ಕ ಮಾಡಿ, ಆಮೇಲೆ ಅಳೆಯಿರಿ. ಮೊದಲಿನ ಗಾತ್ರ 20 ಘನ ಸೆಂ.ಮೀ. ಬಡಿದರೆ ಆಕಾರ ಬದಲಾಗುತ್ತದೆ, ಗಾತ್ರ ಬದಲಾಗುವುದಿಲ್ಲ. ಆದ್ದರಿಂದ ಉದ್ದ 20 ಸೆಂ.ಮೀ. ಆಗಬೇಕು, ಅಂದರೆ ನಾಲ್ಕು ಪಟ್ಟು. (ಮಣ್ಣು ಒಣಗಿದರೆ ಕುಗ್ಗುತ್ತದೆ. ಹಸಿಯಿರುವಾಗಲೇ ಅಳೆಯಿರಿ.) ಇಷ್ಟು ಉದ್ದದ ಹಾರೆಗೆ ಎಷ್ಟು ಉದ್ದದ ತುಂಡು ಬೇಕು ಎಂದು ಕಮ್ಮಾರರು ಕಣ್ಣಳತೆಯಲ್ಲೇ ಹೇಳುತ್ತಾರಲ್ಲ, ಅದರ ಹಿಂದಿರುವ ಲೆಕ್ಕ ಇದೇ.

ಈಗ ಆ ಚೌಕ ಕಡ್ಡಿಯನ್ನು ದುಂಡಗೆ ಮಾಡಿ ನೋಡಿ. ಮೂಲೆಗಳನ್ನು ಹಾಗೇ ಬಿಟ್ಟು ಉರುಳಿಸುತ್ತ ಬಡಿದರೆ ತುದಿಯಲ್ಲಿ ಮೀನಿನ ಬಾಯಿಯಂತೆ ಸೀಳು ಬಿಡುತ್ತದೆ. ಮೊದಲು ನಾಲ್ಕು ಮೂಲೆಗಳನ್ನು ತಟ್ಟಿ ಎಂಟು ಮೂಲೆ ಮಾಡಿ, ಅನಂತರ ದುಂಡಗೆ ಮಾಡಿದರೆ ಸೀಳು ಬಾರದು. ಚೌಕ, ಎಂಟು ಮೂಲೆ, ದುಂಡು. ಕುಲುಮೆಯ ಕೆಲಸದಲ್ಲಿಯೂ ಕ್ರಮ ಇದೇ. ಮಣ್ಣಿನಲ್ಲಿ ಹತ್ತು ಸಲ ಕೆಟ್ಟರೂ ನಷ್ಟವಿಲ್ಲ, ಮತ್ತೆ ಉಂಡೆ ಕಟ್ಟಬಹುದು. ಕಬ್ಬಿಣದಲ್ಲಿ ಹಾಗಲ್ಲ.

ಎರಡನೆಯ ಪಾಠ ತಂತಿಯದು. ಮನೆ ಕಟ್ಟುವಾಗ ಕಬ್ಬಿಣದ ಸರಳುಗಳನ್ನು ಬಿಗಿಯಲು ಬಳಸುವ ತೆಳುವಾದ ಕಟ್ಟುತಂತಿಯನ್ನು ನೋಡಿದ್ದೀರಿ. ಅದನ್ನು ಒಂದೇ ಕಡೆ ಆಚೆ ಈಚೆ ಬಗ್ಗಿಸುತ್ತ ಎಣಿಸಿ. ಬಗ್ಗಿಸಿದ ಜಾಗ ಬಿಸಿಯಾಗುತ್ತದೆ, ಗಡಸಾಗುತ್ತದೆ, ಕೊನೆಗೆ ತುಂಡಾಗುತ್ತದೆ. ವೈರಿಂಗ್ ಕೆಲಸದವರು ಬಿಟ್ಟುಹೋದ ದಪ್ಪ ತಾಮ್ರದ ತಂತಿಯ ತುಂಡು ಸಿಕ್ಕರೆ (ಗೋಡೆಯಲ್ಲಿರುವ ತಂತಿಯನ್ನು ಮುಟ್ಟಲೇಬೇಡಿ) ಶಿಕ್ಷಕರ ಎದುರಿಗೆ ಅದನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ. ಬಡಿದಷ್ಟೂ ಸೆಟೆದುಕೊಳ್ಳುತ್ತದೆ. ಆ ತುಂಡನ್ನು ಶಿಕ್ಷಕರು ಕೆಂಪಗೆ ಕಾಸಿ ನೀರಿನಲ್ಲಿ ಅದ್ದಿದರೆ ಅದು ಮತ್ತೆ ಮೆತ್ತಗಾಗುತ್ತದೆ. ಆದರೆ ಹರಿತವಾದ ಕುಡುಗೋಲಿನ ಉಕ್ಕನ್ನು ಅದೇ ರೀತಿ ಕಾಸಿ ಅದ್ದಿದರೆ ಗಾಜಿನಂತೆ ಗಡಸಾಗುತ್ತದೆ! ಬೆಂಕಿ ಅದೇ, ನೀರು ಅದೇ, ಫಲ ಮಾತ್ರ ಬೇರೆ. ಕಾರಣ ಉಕ್ಕಿನಲ್ಲಿರುವ ಇಂಗಾಲ. ಬಿಸಿಯಲ್ಲಿ ಕಬ್ಬಿಣದೊಳಗೆ ಹರಡಿಕೊಂಡ ಇಂಗಾಲಕ್ಕೆ ದಿಢೀರ್ ತಂಪಾದಾಗ ಹೊರಬರಲು ಸಮಯ ಸಿಗದೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಗ ಕಬ್ಬಿಣದ ಪರಮಾಣುಗಳು ಒಂದರ ಪಕ್ಕ ಒಂದು ಜಾರಲಾರವು.

ಇಷ್ಟಾದ ಮೇಲೆ ಕುಲುಮೆಗೆ ಹೋಗಿ. ನೋಡುವುದಕ್ಕೆ ಮಾತ್ರ, ಶಿಕ್ಷಕರ ಜೊತೆಯಲ್ಲಿ. ನಿಮ್ಮೂರಿನಲ್ಲಿ ಅವರನ್ನು ಆಚಾರ್ರು ಎನ್ನುತ್ತೀರೋ, ಕಂಬಾರಣ್ಣ ಎನ್ನುತ್ತೀರೋ, ಹಾಗೆಯೇ ಕರೆದು ಅನುಮತಿ ಕೇಳಿ. ಕುಲುಮೆ ಏಕೆ ಯಾವಾಗಲೂ ಮಬ್ಬುಗತ್ತಲಾಗಿರುತ್ತದೆ, ಯೋಚಿಸಿದ್ದೀರಾ? ಕಿಟಕಿ ಇಡಿಸಲು ದುಡ್ಡಿಲ್ಲದೆ ಅಲ್ಲ. ಕಾದ ಕಬ್ಬಿಣದ ಬಣ್ಣ ಬಿಸಿಲಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಅದಕ್ಕೆ. ಆ ಬಣ್ಣವೇ ಕಮ್ಮಾರರ ಉಷ್ಣತಾಮಾಪಕ. ಮಾಗಿದ ಹಣ್ಣಿನ ಕೆಂಪು ಬಂದಾಗ ಉಷ್ಣತೆ ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್. ಕಿತ್ತಳೆ ಬಣ್ಣಕ್ಕೆ 900ರಿಂದ 1000. ಹಳದಿಗೆ 1100 ದಾಟಿರುತ್ತದೆ. ಬೆಳ್ಳಗಾಗಿ ಮತಾಪಿನ ಹಾಗೆ ಕಿಡಿ ಹಾರಿದರೆ ಕಬ್ಬಿಣ ಉರಿಯತೊಡಗಿದೆ ಎಂದೇ ಅರ್ಥ, ಆ ತುಂಡು ಕೆಟ್ಟಂತೆ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ, ಕಮ್ಮಾರರು ಅಲ್ಲಿಯವರೆಗೆ ಹೋಗುವುದಿಲ್ಲ. ಕಬ್ಬಿಣ ಕಾದಿದ್ದಾಗಲೇ ಬಡಿಯಬೇಕು ಎಂಬ ಗಾದೆ ನಿಮಗೆ ಗೊತ್ತು. ಮಂದ ಕೆಂಪಿಗೆ ಇಳಿದ ಮೇಲೂ ಬಡಿದರೆ ಉಕ್ಕು ಬಿರಿಯಬಹುದು ಎಂಬ ಅನುಭವ ಅದರೊಳಗಿದೆ.

ಹಳೆಯ ಸ್ಪೀಕರಿನ ಅಯಸ್ಕಾಂತ ಸಿಕ್ಕರೆ ತೆಗೆದುಕೊಂಡು ಹೋಗಿ. ಅದನ್ನು ತಣ್ಣಗಿನ ಸರಳಿಗೂ, ಕಿತ್ತಳೆ ಬಣ್ಣಕ್ಕೆ ಕಾದ ಸರಳಿಗೂ ಒಮ್ಮೊಮ್ಮೆ ತಾಗಿಸಿ ತೋರಿಸುವಂತೆ ಅವರನ್ನೇ ಕೇಳಿಕೊಳ್ಳಿ. ಕಾದ ಸರಳನ್ನು ಅಯಸ್ಕಾಂತ ಎಳೆಯುವುದಿಲ್ಲ. 770 ಡಿಗ್ರಿ ದಾಟಿದ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವ ಗುಣವನ್ನೇ ಕಳೆದುಕೊಳ್ಳುತ್ತದೆ. ಪುಸ್ತಕದಲ್ಲಿ ಓದಿದರೆ ಇದು ಒಂದು ಅಂಕದ ಪ್ರಶ್ನೆ. ಕಣ್ಣಾರೆ ನೋಡಿದರೆ ಮರೆಯುವುದಿಲ್ಲ.

ತಿದಿಯನ್ನೂ ಗಮನಿಸಿ. ಈಗ ಹೆಚ್ಚಿನ ಕಡೆ ಚರ್ಮದ ತಿದಿಯ ಬದಲು ಕೈಯಿಂದ ತಿರುಗಿಸುವ ಅಥವಾ ವಿದ್ಯುತ್ತಿನ ಪಂಖ ಇರುತ್ತದೆ. ಕೆಲಸ ಒಂದೇ, ಇದ್ದಿಲಿಗೆ ಹೆಚ್ಚು ಆಮ್ಲಜನಕ ಒದಗಿಸುವುದು. ಎಷ್ಟೋ ಕುಲುಮೆಗಳಲ್ಲಿ ಅದನ್ನು ತಿರುಗಿಸುವವರು ಮನೆಯ ಹೆಂಗಸರು. ಇದು ಗಂಡುಮಕ್ಕಳ ಹವ್ಯಾಸ ಎಂದು ಯಾರಾದರೂ ಹೇಳಿದರೆ ಅವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ.

ಕಬ್ಬಿಣದ ಕೆಲಸ ಎಂದ ಕೂಡಲೇ ಹುಡುಗರು ಕೇಳುವುದು ಚಾಕು, ಕತ್ತಿ. ಚಾಕು ಮೊದಲ ಪಾಠವಲ್ಲ. ಅದಕ್ಕೆ ಇಂಗಾಲ ಹೆಚ್ಚಿರುವ ಉಕ್ಕು ಬೇಕು. ಮಚ್ಚು ಮಾಡಲು ಕಮ್ಮಾರರು ಲಾರಿಯ ಹಳೆಯ ಕಮಾನು ಪಟ್ಟಿ ಹುಡುಕುವುದು ಇದಕ್ಕೇ. ಅದರಲ್ಲಿ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇಂಗಾಲವಿರುತ್ತದೆ, ಅಂಗಡಿಯ ಸಾಮಾನ್ಯ ಕಬ್ಬಿಣದ ಪಟ್ಟಿಯಲ್ಲಿ ಅದರ ಅರ್ಧವೂ ಇರುವುದಿಲ್ಲ. ಬಡಿದ ಮೇಲೆ ಗಡಸು ಮಾಡಬೇಕು, ಗಡಸಾದದ್ದು ಸಿಡಿಯದಂತೆ ಮತ್ತೆ ಹದವಾಗಿ ಕಾಸಬೇಕು. ಪಳಗಿದವರಿಗೂ ಇದು ತಪ್ಪುವುದುಂಟು. ಕೊಕ್ಕೆಗೆ ಈ ತೊಡಕಿಲ್ಲ. ಎಳೆಯುವುದು, ಚೂಪು ಮಾಡುವುದು, ಬಗ್ಗಿಸುವುದು, ಚಪ್ಪಟೆ ಮಾಡುವುದು, ತೂತು ಕೊರೆಯುವುದು ಎಲ್ಲವೂ ಒಂದು ಕೊಕ್ಕೆಯಲ್ಲೇ ಬರುತ್ತವೆ. ಮೇಲಾಗಿ ಕೊಕ್ಕೆಯಿಂದ ಯಾರಿಗೂ ಗಾಯವಾಗುವುದಿಲ್ಲ.

ಅಪಾಯಗಳನ್ನು ಮುಚ್ಚಿಡುವುದು ಸರಿಯಲ್ಲ. ಕೆಂಪಗಿರುವ ಕಬ್ಬಿಣಕ್ಕಿಂತ ಕಪ್ಪಗಿರುವ ಕಬ್ಬಿಣಕ್ಕೆ ಹೆದರಿ. 400 ಡಿಗ್ರಿಯ ಸರಳು ನೋಡಲು ತಣ್ಣಗಿನ ಸರಳಿನಂತೆಯೇ ಇರುತ್ತದೆ. ನೆಲದ ಮೇಲೆ ಬಿದ್ದ ಯಾವ ತುಂಡನ್ನೂ ಎತ್ತಬೇಡಿ. ನೈಲಾನ್, ಟೆರಿಲಿನ್ ಬಟ್ಟೆ ಕಿಡಿಗೆ ಕರಗಿ ಮೈಗೆ ಅಂಟುತ್ತದೆ, ಆದ್ದರಿಂದ ಹತ್ತಿ ಬಟ್ಟೆಯೇ ಆಗಬೇಕು, ಕಾಲಿಗೆ ಮುಚ್ಚಿದ ಚಪ್ಪಲಿ ಬೇಕು. ಬೇಲಿ ತಂತಿ, ಹೊಳೆಯುವ ನೀರಿನ ಪೈಪು, ಛಾವಣಿಯ ತಗಡು ಇವುಗಳಿಗೆ ಸತುವಿನ ಲೇಪವಿರುತ್ತದೆ. ಸತು 907 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ, ಆ ಬಿಳಿ ಹೊಗೆ ಕುಡಿದರೆ ಜ್ವರ ಬರುತ್ತದೆ. ಇಂಥವು ಬೆಂಕಿಗೆ ಹೋಗಲೇಬಾರದು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿ ಇನ್ನೂ ಕೆಟ್ಟದ್ದು, ಅದರ ವಿಷಾನಿಲಕ್ಕೆ ವಾಸನೆಯೂ ಇಲ್ಲ. ಇನ್ನೊಂದು ಮಾತು: ಬಡಿಯಲು ಗಟ್ಟಿ ತುಂಡು ಬೇಕೆಂದು ರೈಲು ಹಳಿಯ ಹತ್ತಿರ ಹುಡುಕಲು ಹೋಗಬೇಡಿ. ಅದು ರೈಲ್ವೆಯ ಸ್ವತ್ತು. ಗುಜರಿ ಅಂಗಡಿಯಲ್ಲಿ ಬೇಕಾದಷ್ಟು ಸಿಗುತ್ತದೆ.

ಈ ಕೆಲಸಕ್ಕೂ ವಿಜ್ಞಾನಕ್ಕೂ ದೂರ ಎಂದು ತಿಳಿದವರಿಗೆ ಮೈಕೆಲ್ ಫ್ಯಾರಡೆ ಅವರ ಹೆಸರು ಹೇಳಬೇಕು. ವಿದ್ಯುತ್ತಿನ ಪಾಠದಲ್ಲಿ ಬರುವ ಅದೇ ಫ್ಯಾರಡೆ. 1791ರಲ್ಲಿ ಲಂಡನ್ನಿನ ಬಳಿ ಹುಟ್ಟಿದ ಅವರ ತಂದೆ ಕಮ್ಮಾರರು. 1819ರಲ್ಲಿ ಫ್ಯಾರಡೆ ಪರೀಕ್ಷಿಸಿದ ವಸ್ತು ಯಾವುದು ಗೊತ್ತೇ? ದಕ್ಷಿಣ ಭಾರತದಲ್ಲಿ ಮಣ್ಣಿನ ಮೂಸೆಯಲ್ಲಿ ತಯಾರಾಗುತ್ತಿದ್ದ ಉಕ್ಕು! ಯುರೋಪಿನವರು ಅದನ್ನು ವೂಟ್ಸ್ ಎಂದು ಕರೆಯುತ್ತಿದ್ದರು. ನಮ್ಮ 'ಉಕ್ಕು' ಎಂಬ ಪದವೇ ಹೀಗೆ ಬದಲಾಯಿತು ಎನ್ನುವ ವಿದ್ವಾಂಸರಿದ್ದಾರೆ. ಕಮ್ಮಾರರ ಮಗ ನಮ್ಮ ಕಮ್ಮಾರರ ಉಕ್ಕಿನ ಗುಟ್ಟು ತಿಳಿಯಲು ಪ್ರಯತ್ನಪಟ್ಟರು.

ತರಗತಿಯಲ್ಲಿ ತಂದೆಯ ಕೆಲಸ ಹೇಳುವಾಗ ದನಿ ತಗ್ಗಿಸುವ ಕಮ್ಮಾರರ ಮಕ್ಕಳನ್ನು ನಾನು ಕಂಡಿದ್ದೇನೆ. ನನಗೆ ಸಿಟ್ಟು ಬರುವುದು ಅಲ್ಲಿ. ಬಣ್ಣ ನೋಡಿ ಉಷ್ಣತೆ ಹೇಳುವ ಮಗು ಆ ತರಗತಿಯಲ್ಲಿ ಬೇರೆ ಯಾರಿದ್ದಾರೆ? ಟ್ರ್ಯಾಕ್ಟರ್ ಬಂದ ಮೇಲೆ ನೇಗಿಲ ಕುಳ ತಟ್ಟಿಸುವವರು ಕಡಿಮೆಯಾದರು, ಗುದ್ದಲಿ ಕುಡುಗೋಲು ಕಾರ್ಖಾನೆಯಿಂದ ಬರುತ್ತಿವೆ, ಎಷ್ಟೋ ಊರುಗಳ ಕುಲುಮೆ ಆರಿದೆ. ಹವ್ಯಾಸಿಗಳು ನಾಲ್ಕು ಕೊಕ್ಕೆ ಮಾಡಿದ ಮಾತ್ರಕ್ಕೆ ಅವು ಮತ್ತೆ ಹೊತ್ತಿಕೊಳ್ಳುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಆ ಕಣ್ಣಳತೆ, ಆ ಬಣ್ಣದ ಜ್ಞಾನ ಯಾರ ಕೈಗೂ ದಾಟದೆ ಹೋಗಬಾರದು. ಹಾಗೆಂದು ಓದುವ ಮಕ್ಕಳನ್ನು ಕುಲುಮೆಯಲ್ಲಿ ದುಡಿಸುವುದು ಕೂಡದು. ಕಲಿಯುವುದು ಬೇರೆ, ದುಡಿಸಿಕೊಳ್ಳುವುದು ಬೇರೆ.

ಈ ವರ್ಷ ಮಣ್ಣು ಮತ್ತು ತಂತಿ ಸಾಕು. ಬೆಂಕಿಯ ಕೆಲಸ ಪ್ರೌಢಶಾಲೆ ಮುಗಿಯುವ ಹೊತ್ತಿಗೆ, ಪಳಗಿದವರು ಪಕ್ಕದಲ್ಲೇ ಇರುವಾಗ. ನಿಮ್ಮ ಕೈಗೆ ಇಕ್ಕಳ ಕೊಡಬಹುದೋ ಇಲ್ಲವೋ ಎಂಬುದನ್ನು ಅವರೇ ತೀರ್ಮಾನಿಸಲಿ. ಮೊದಲ ಕೊಕ್ಕೆ ಸೊಟ್ಟಗೇ ಇರುತ್ತದೆ. ಗೋಡೆಗೆ ಬಡಿದು ಕಪ್ಪುಹಲಗೆ ಒರೆಸುವ ಬಟ್ಟೆ ತೂಗುಹಾಕಲು ಅಷ್ಟು ಸಾಕು.