ಹುಳಿನೀರೂ ಸೂಕ್ಷ್ಮಜೀವಿಯೂ

ಗಂಧಕಾಮ್ಲ ಬಳಸುವ ಕಾರ್ಖಾನೆಗಳು ಹೊರಬಿಡುವ ನೀರು ಹುಳಿ. ಎಷ್ಟೋ ಕಡೆ ಬಿಸಿ ಕೂಡ. ಸುಣ್ಣ ಸುರಿದರೆ ಹುಳಿ ಮುರಿಯುತ್ತದೆ, ನಿಜ. ಆದರೆ ಗಂಧಕ ಎಲ್ಲಿಗೂ ಹೋಗುವುದಿಲ್ಲ. ಒಂದಷ್ಟು ಜಿಪ್ಸಂ ಕೆಸರಾಗಿ ಗುಡ್ಡೆ ಬೀಳುತ್ತದೆ. ಆದರೂ ಲೀಟರಿಗೆ ಸುಮಾರು 1500 ಮಿಲಿಗ್ರಾಂ ಸಲ್ಫೇಟು ನೀರಿನಲ್ಲೇ ಉಳಿದು ಹೊಳೆಗೆ ಇಳಿಯುತ್ತದೆ. ಗುಡ್ಡೆ ಬೀಳುವುದು ಯಾರ ಹೊಲದ ಪಕ್ಕದಲ್ಲೆಂದು ಬೇರೆ ಹೇಳಬೇಕೆ?

ಇದಕ್ಕಿಂತ ಬೇರೆ ದಾರಿಯಿಲ್ಲವೆಂಬ ಮಾತನ್ನು ನಾವು ಒಪ್ಪಲಾರೆವು. ಸಲ್ಫೇಟನ್ನೇ ಉಸಿರಾಡುವ ಸೂಕ್ಷ್ಮಜೀವಿಯನ್ನು ಡೆಲ್ಫ್ಟ್‌ನ ಬೈಯರಿಂಕ್ 1895ರಲ್ಲೇ ಗುರುತಿಸಿದ್ದರು. ನೆದರ್ಲೆಂಡ್ಸಿನ ಬ್ಯೂಡೆಲ್ ಸತುವಿನ ಕಾರ್ಖಾನೆ 1992ರಲ್ಲಿ ಇಂಥವನ್ನು ದುಡಿಮೆಗೆ ಹಚ್ಚಿತು. ಕೆಟ್ಟ ಅಂತರ್ಜಲವನ್ನು ಮೇಲೆತ್ತಿ, ಜೀವಿಗಳಿಗೆ ಮದ್ಯಸಾರ ಉಣಿಸಿದರೆ ಅವು ಸಲ್ಫೇಟನ್ನು ಸಲ್ಫೈಡಾಗಿ ಮಾರ್ಪಡಿಸುತ್ತವೆ. ಅದು ಸತುವನ್ನು ಹಿಡಿದು ತಳಕ್ಕಿಳಿಯುತ್ತದೆ. ಆ ಸತು ಮರಳಿ ಕಾರ್ಖಾನೆಗೆ. ಕೊಳೆಯಲ್ಲೂ ಮಾಲು!

ಬಿಸಿ ಹುಳಿನೀರಿನಲ್ಲಿ ಜೀವಿಗಳು ಬದುಕಲಾರವೆಂಬ ಆಕ್ಷೇಪಣೆಯುಂಟು. ಸಾಮಾನ್ಯ ಜಾತಿಗಳ ಮಟ್ಟಿಗೆ ಅದು ಸರಿಯೇ. ಆದರೆ ಬಿಸಿಬುಗ್ಗೆಗಳ ಅಸಿಡಿಯಾನಸ್ ಕುಲದವು ಆ ಎರಡನ್ನೂ ತಾಳಿಕೊಂಡು ಗಂಧಕವನ್ನು ಸಲ್ಫೈಡಾಗಿಸಬಲ್ಲವು. ಪ್ರಯೋಗಶಾಲೆಯಿಂದ ಅವನ್ನು ತೊಟ್ಟಿಗೆ ತರುವ ಖರ್ಚು ಲಾಭ ಉಂಡವರದು.

ನಮ್ಮ ಆತಂಕ ಬೇರೆ. ಈ ಕ್ರಿಯೆಯಲ್ಲಿ ಹುಟ್ಟುವ ಹೈಡ್ರೊಜನ್ ಸಲ್ಫೈಡ್ ಪ್ರಾಣಾಂತಕ ಅನಿಲ. ನೀರು ಹುಳಿಯಾದಷ್ಟೂ ಅದು ಗಾಳಿಗೇರುವುದು ಹೆಚ್ಚು. ವಿಪರೀತವಾದಾಗ ಮೂಗಿಗೆ ವಾಸನೆಯೂ ತಿಳಿಯದು. ತೊಟ್ಟಿಗೆ ಇಳಿಯುವವನು ಮಾಲೀಕನಲ್ಲ, ದಿನಗೂಲಿಯವನು. ಮುಚ್ಚಿದ ತೊಟ್ಟಿ, ಅನಿಲ ಅಳೆಯುವ ಯಂತ್ರ, ತರಬೇತಾದ ಖಾಯಂ ನೌಕರ: ಇಷ್ಟನ್ನು ಬರೆದುಕೊಡದ ಕಾರ್ಖಾನೆಗೆ ಸರಕಾರ ಪರವಾನಗಿ ಕೊಡಕೂಡದು.