ವಿಶೇಷ ಅಗತ್ಯವುಳ್ಳ ಮಗುವಿಗೆ ಯಾವ ಶಾಲೆ? ಹೆಸರು ಹಚ್ಚಿದರೆ ಸಾಲದು, ಕಲಿಸುವವರು ಯಾರು ಎಂದು ಕೇಳಿ

ಕೊಡಂಬಲ: ಜೂನ್ ಬಂತೆಂದರೆ ಊರಲ್ಲಿ ದಾಖಲಾತಿಯ ಗಡಿಬಿಡಿ. ಯಾವ ಸಾಲಿ ಚಲೋ, ಕನ್ನಡ ಮಾಧ್ಯಮವೋ ಇಂಗ್ಲಿಷ್ ಮಾಧ್ಯಮವೋ, ಬಸ್ ಮನೆ ಬಾಗಿಲಿಗೆ ಬರುತ್ತದೋ ಇಲ್ಲವೋ ಎಂಬ ಚರ್ಚೆ ಕಟ್ಟೆಯ ಮೇಲೂ ನಡೆಯುತ್ತದೆ, ಕಿರಾಣಿ ಅಂಗಡಿಯ ಮುಂದೂ ನಡೆಯುತ್ತದೆ. ಆದರೆ ಕಿವಿ ಕೇಳದ, ಕಣ್ಣು ಕಾಣದ, ನಡೆಯಲು ಆಗದ ಅಥವಾ ಬುದ್ಧಿ ಬೆಳವಣಿಗೆ ನಿಧಾನವಾಗಿರುವ ಮಗು ಇರುವ ಮನೆಯವರು ಈ ಚರ್ಚೆಯಲ್ಲಿ ಸುಮ್ಮನೆ ಕೂತಿರುತ್ತಾರೆ. ‘ಇಂಥ ಮಕ್ಕಳಿಗೆ ನಮ್ಮಲ್ಲಿ ಆಗೋದಿಲ್ರಿ, ಬೀದರ್‌ಗೋ ಕಲಬುರಗಿಗೋ ಹಾಕ್ರಿ’ ಎಂಬ ಒಂದು ಮಾತು ಕೇಳಿದ ಮೇಲೆ ಎಷ್ಟೋ ಮಂದಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಮಗು ಮನೆಯಲ್ಲೇ ಉಳಿಯುತ್ತದೆ, ಇಲ್ಲವೇ ಅಪ್ಪನ ಅಂಗಡಿಯ ಗಲ್ಲಾ ಪಕ್ಕದಲ್ಲಿ ದಿನಪೂರ್ತಿ ಕೂತಿರುತ್ತದೆ.

ಕಾನೂನಿನ ಪ್ರಕಾರ ಆ ಮಾತೇ ತಪ್ಪು.

ಕಾನೂನು ಏನು ಹೇಳುತ್ತದೆ?

2017ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ–2016 ಒಟ್ಟು 21 ಬಗೆಯ ಅಂಗವೈಕಲ್ಯವನ್ನು ಗುರುತಿಸಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಓದು–ಬರಹದ ಕಲಿಕಾ ನ್ಯೂನತೆ, ಥಲಸ್ಸೇಮಿಯಾ ಕೂಡ ಈ ಪಟ್ಟಿಯಲ್ಲಿವೆ. ಕಾಯ್ದೆಯ 31ನೇ ಕಲಂ ಪ್ರಕಾರ ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ಉಚಿತ ಶಿಕ್ಷಣದ ಹಕ್ಕಿದೆ. ಅದು ಊರಿನ ಹತ್ತಿರದ ಶಾಲೆಯಲ್ಲಿ ಇರಬಹುದು, ವಿಶೇಷ ಶಾಲೆಯಲ್ಲಿ ಇರಬಹುದು. ಆಯ್ಕೆ ಮಗುವಿನದು ಮತ್ತು ಮನೆಯವರದು, ಹೆಡ್‌ಮಾಸ್ತರದ್ದಲ್ಲ.

ಉಳಿದ ಮಕ್ಕಳಿಗೆ ಶಿಕ್ಷಣ ಹಕ್ಕು 14 ವರ್ಷದವರೆಗೆ ಇದ್ದರೆ ಈ ಮಕ್ಕಳಿಗೆ 18ರವರೆಗೆ. ಶೇ 40ಕ್ಕಿಂತ ಕಡಿಮೆ ವೈಕಲ್ಯವಿದ್ದರೂ ಭೇದ ಮಾಡುವಂತಿಲ್ಲ. ಸರ್ಕಾರದ ಮಾನ್ಯತೆ ಪಡೆದ ಖಾಸಗಿ ಶಾಲೆಗೂ ಇದು ಅನ್ವಯಿಸುತ್ತದೆ ಎನ್ನುತ್ತದೆ 16ನೇ ಕಲಂ. ಒಂದನೇ ತರಗತಿಗೆ ಸೇರಿಸುವಾಗ ಪರೀಕ್ಷೆ ಮಾಡಿ ಮಗುವನ್ನು ಬೇಡ ಎನ್ನುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ. ಊರಿನ ಶಾಲೆಗೆ ಸೇರಿಸಲು ಅಂಗವೈಕಲ್ಯ ಪ್ರಮಾಣಪತ್ರ ಕೈಯಲ್ಲಿ ಇರಲೇಬೇಕೆಂದಿಲ್ಲ. ಅದು ಬೇಕಾಗುವುದು ಸೌಲಭ್ಯಗಳಿಗೆ. ಮೊದಲು ದಾಖಲಾತಿ, ಆಮೇಲೆ ಕಾಗದಪತ್ರ.

ಹೆಸರಿದೆ, ಕಲಿಕೆ ಇದೆಯೇ?

ಹಾಗಾದರೆ ಊರಿನ ಶಾಲೆಗೆ ಹಾಕಿದರೆ ಮುಗಿಯಿತೇ? ಇಲ್ಲ. ಅಸಲಿ ಸಮಸ್ಯೆ ಶುರುವಾಗುವುದೇ ಅಲ್ಲಿಂದ. ಹಾಜರಿ ಪುಸ್ತಕದಲ್ಲಿ ಹೆಸರಿರುತ್ತದೆ, ಬಿಸಿಯೂಟ ಸಿಗುತ್ತದೆ, ಮಗು ಪ್ರತಿ ವರ್ಷ ಮುಂದಿನ ತರಗತಿಗೆ ಹೋಗುತ್ತದೆ. ಐದನೇ ತರಗತಿಗೆ ಬಂದರೂ ಅಕ್ಷರ ಬಂದಿರುವುದಿಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಕಡೆ ಒಂದು ಮಗುವಿನ ಪಕ್ಕ ಕೂತು ಕಲಿಸಲು ಸಮಯ ಎಲ್ಲಿಂದ ಬರಬೇಕು?

ಇದಕ್ಕಾಗಿಯೇ ಸಮಗ್ರ ಶಿಕ್ಷಣ ಯೋಜನೆಯಡಿ ಬ್ಲಾಕ್ ಮಟ್ಟದಲ್ಲಿ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು, ಅಂದರೆ ಬಿಐಇಆರ್‌ಟಿಗಳು ಇದ್ದಾರೆ. ಶಾಲೆಗಳಿಗೆ ಹೋಗಿ ಮಗುವನ್ನು ನೋಡುವುದು, ತರಗತಿ ಶಿಕ್ಷಕರಿಗೆ ದಾರಿ ತೋರಿಸುವುದು, ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವುದು ಅವರ ಕೆಲಸ. ಆದರೆ ಒಂದು ಬ್ಲಾಕ್ ಎಂದರೆ ಹತ್ತಾರು ಊರು, ನೂರಾರು ಶಾಲೆ. ಬೆರಳೆಣಿಕೆಯ ಶಿಕ್ಷಕರು ಎಲ್ಲ ಕಡೆ ವಾರಕ್ಕೊಮ್ಮೆ ಮುಟ್ಟುವುದು ಕಷ್ಟ. ವಿಶೇಷ ಶಿಕ್ಷಕರ ಕೊರತೆ ನಮ್ಮ ಭಾಗದ ಮಾತಷ್ಟೇ ಅಲ್ಲ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬರು, ಅದರ ಮೇಲಿನ ಹಂತಗಳಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. ಮೂರು ವರ್ಷದ ಮೇಲೂ ಹುದ್ದೆ ಮಂಜೂರಾಗದ್ದನ್ನು ಕಂಡು 2025ರ ಮಾರ್ಚ್‌ನಲ್ಲಿ ಎಲ್ಲ ರಾಜ್ಯಗಳಿಗೂ ಮತ್ತೆ ನಿರ್ದೇಶನ ಕೊಡಬೇಕಾಯಿತು.

ಆದ್ದರಿಂದ ಶಾಲೆ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ‘ಕಟ್ಟಡ ಹೇಗಿದೆ’ ಅಲ್ಲ. ‘ನನ್ನ ಮಗುವಿಗೆ ಯಾರು ಕಲಿಸುತ್ತಾರೆ, ವಾರಕ್ಕೆ ಎಷ್ಟು ಸಲ?’

ಎಲ್ಲ ಮಕ್ಕಳಿಗೂ ಒಂದೇ ಉತ್ತರ ಇಲ್ಲ

ಕಾಲಿಗೆ ತೊಂದರೆ ಇರುವ, ಬುದ್ಧಿ ಚುರುಕಾಗಿರುವ ಮಗುವನ್ನು ದೂರದ ವಿಶೇಷ ಶಾಲೆಗೆ ಕಳಿಸುವ ಕಾರಣವೇ ಇಲ್ಲ. ಆ ಮಗುವಿಗೆ ಬೇಕಿರುವುದು ರ‍್ಯಾಂಪ್, ನೆಲಮಹಡಿಯಲ್ಲಿ ತರಗತಿ, ಬಳಸಲು ಬರುವ ಶೌಚಾಲಯ. ಇವು ಮೂರೂ ಊರಲ್ಲೇ ಆಗುವ ಕೆಲಸ.

ಪೂರ್ತಿ ಕಿವಿ ಕೇಳದ ಮಗುವಿನ ಮಾತು ಬೇರೆ. ಆ ಮಗುವಿಗೆ ಮೊದಲು ಬೇಕಿರುವುದು ಒಂದು ಭಾಷೆ. ಸನ್ನೆ ಭಾಷೆ ಬಲ್ಲ ಒಬ್ಬರೂ ಇಲ್ಲದ ತರಗತಿಯಲ್ಲಿ ಕೂತರೆ ವರ್ಷಗಳು ಸುಮ್ಮನೆ ಕಳೆದುಹೋಗುತ್ತವೆ. ಕಣ್ಣು ಕಾಣದ ಮಗುವಿಗೆ ಬ್ರೈಲ್ ಕಲಿಸುವವರು ಬೇಕು. ಇಂಥ ಮಕ್ಕಳಿಗಾಗಿ ಕಲಬುರಗಿಯಲ್ಲಿ ಸರ್ಕಾರಿ ವಸತಿ ಶಾಲೆಗಳಿವೆ. ಸಣ್ಣ ಮಗುವನ್ನು ಹಾಸ್ಟೆಲ್‌ಗೆ ಬಿಡಲು ತಾಯಿ–ತಂದೆಗೆ ಮನಸ್ಸಾಗುವುದಿಲ್ಲ, ಅದು ಸಹಜ. ಆದರೂ ಮೊದಲ ಕೆಲವು ವರ್ಷ ಅಲ್ಲಿ ಭಾಷೆ, ಬ್ರೈಲ್ ಗಟ್ಟಿ ಮಾಡಿಕೊಂಡು ಆಮೇಲೆ ಊರಿನ ಶಾಲೆಗೆ ಬರುವ ದಾರಿಯೂ ತೆರೆದೇ ಇದೆ. ಹೋದರೆ ಹೋದಂತೆಯೇ ಎಂದೇನಿಲ್ಲ.

ಬುದ್ಧಿ ಬೆಳವಣಿಗೆ ನಿಧಾನವಿರುವ ಮಗುವಿಗೆ ಊರಿನ ಶಾಲೆಯಲ್ಲಿ ಒಂದು ದೊಡ್ಡ ಲಾಭ ಇದೆ. ಓಣಿಯ ಮಕ್ಕಳ ಜೊತೆ ಬೆಳೆಯುತ್ತದೆ. ನಾಳೆ ದೊಡ್ಡದಾದಾಗ ಇದೇ ಊರಲ್ಲಿ ಬದುಕಬೇಕು, ಇದೇ ಜನ ಗುರುತು ಹಿಡಿಯಬೇಕು. ಆದರೆ ಪಾಠವನ್ನು ಆ ಮಗುವಿಗೆ ತಕ್ಕಂತೆ ಬದಲಿಸಲು ಶಾಲೆ ಒಪ್ಪಬೇಕು. ಐದನೇ ತರಗತಿ ಪುಸ್ತಕವನ್ನೇ ಹಿಡಿದು ಕೂತರೆ ಪ್ರಯೋಜನವಿಲ್ಲ. ಹಣ ಎಣಿಸುವುದು, ಬಸ್ಸಿನ ಬೋರ್ಡ್ ಓದುವುದು, ತನ್ನ ಹೆಸರು ಬರೆಯುವುದು ಕೂಡ ಪಾಠವೇ.

ತೀವ್ರ ಅಥವಾ ಬಹುವಿಧ ವೈಕಲ್ಯ ಇರುವ ಮಗುವಿಗೆ ಮನೆಯಲ್ಲೇ ಶಿಕ್ಷಣ ಪಡೆಯುವ ಆಯ್ಕೆ 2012ರ ತಿದ್ದುಪಡಿಯಿಂದ ಸಿಕ್ಕಿದೆ. ಆದರೆ ಇದು ಮನೆಯವರ ಆಯ್ಕೆ. ಶಾಲೆಯವರು ಮಗುವನ್ನು ಸಾಗಹಾಕಲು ಬಳಸುವ ನೆಪ ಆಗಬಾರದು.

ಮನೆ ಮಾತು ಮರೆಯಬೇಡಿ

ನಮ್ಮ ಭಾಗದಲ್ಲಿ ಕೆಲವರ ಮನೆ ಮಾತು ಕನ್ನಡ, ಕೆಲವರದು ಉರ್ದು, ಕೆಲವರದು ಮರಾಠಿ, ತೆಲುಗು. ಮಾತು ತಡವಾಗಿ ಬಂದ ಮಗುವನ್ನು ಘನತೆಗೆಂದು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರೆ ಹೊರೆ ಹೆಚ್ಚುತ್ತದೆ. ಮನೆಯಲ್ಲಿ ಯಾವ ಮಾತಿದೆಯೋ ಅದೇ ಮಾತಿನಲ್ಲಿ ಕಲಿಕೆ ಶುರುವಾಗಲಿ. ಮುಂದೆ ಎರಡನೇ, ಮೂರನೇ ಭಾಷೆಯಿಂದ ವಿನಾಯಿತಿ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸಹಾಯ ಪಡೆಯಲು ಕಾಯ್ದೆಯಲ್ಲೇ ಅವಕಾಶವಿದೆ.

ಓಡಾಟದ ಲೆಕ್ಕ

ಹುಮನಾಬಾದ್‌ನಿಂದ ಕಲಬುರಗಿ ಸುಮಾರು 60 ಕಿ.ಮೀ. ಚಿಕಿತ್ಸೆ, ತರಬೇತಿ, ಪ್ರಮಾಣಪತ್ರ ಎಂದು ಪ್ರತಿ ಸಲ ಓಡಾಡಿದರೆ ಒಂದು ದಿನದ ಕೂಲಿ ಹೋಗುತ್ತದೆ, ಅಂಗಡಿ ಮುಚ್ಚಬೇಕಾಗುತ್ತದೆ. ‘ಶಕ್ತಿ’ ಯೋಜನೆಯಿಂದ ತಾಯಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮಗುವಿಗೆ ಅಂಗವಿಕಲರ ರಿಯಾಯಿತಿ ಪಾಸ್ ಮಾಡಿಸಿಕೊಳ್ಳಬಹುದು, ಅದಕ್ಕೆ ಯುಡಿಐಡಿ ಕಾರ್ಡ್ ಮಾಡಿಸಿಟ್ಟರೆ ಒಳ್ಳೆಯದು. ಶಾಲೆಗೆ ಹೋಗಿ ಬರುವ ಭತ್ಯೆ, ಜೊತೆಗೆ ಬರುವವರ ಭತ್ಯೆ, ಹೆಣ್ಣು ಮಕ್ಕಳಿಗೆ ತಿಂಗಳಿಗೆ ₹200ರಂತೆ 10 ತಿಂಗಳ ಪ್ರೋತ್ಸಾಹಧನ ಸಮಗ್ರ ಶಿಕ್ಷಣ ಯೋಜನೆಯಲ್ಲಿವೆ. ಕೇಳದಿದ್ದರೆ ಯಾರೂ ಮನೆಗೆ ತಂದು ಕೊಡುವುದಿಲ್ಲ.

ದಾಖಲಾತಿಗೆ ಮುಂಚೆ ಇಷ್ಟು ಮಾಡಿ

* ಅಂಗನವಾಡಿ, ಶಾಲೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೆ ಮಗುವನ್ನು ತಪ್ಪದೆ ತೋರಿಸಿ.
* ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು (ವಿಆರ್‌ಡಬ್ಲ್ಯೂ) ಕಂಡು ಯುಡಿಐಡಿ ಅರ್ಜಿ ಹಾಕಿಸಿ.
* ಹುಮನಾಬಾದ್‌ನ ಬಿಆರ್‌ಸಿಗೆ ಹೋಗಿ ನಿಮ್ಮ ಊರಿಗೆ ಬರುವ ಬಿಐಇಆರ್‌ಟಿ ಯಾರು, ಯಾವ ದಿನ ಬರುತ್ತಾರೆ ಎಂದು ಕೇಳಿ.
* ಶಾಲೆಗೆ ಒಮ್ಮೆ ಮಗುವಿನ ಜೊತೆಗೇ ಹೋಗಿ. ಶೌಚಾಲಯ ನೋಡಿ. ಶಿಕ್ಷಕರು ನಿಮ್ಮ ಜೊತೆ ಅಷ್ಟೇ ಅಲ್ಲ, ಮಗುವಿನ ಜೊತೆ ಮಾತಾಡುತ್ತಾರಾ ಗಮನಿಸಿ.
* ಸೇರಿಸಿಕೊಳ್ಳುವುದಿಲ್ಲ ಎಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಅದನ್ನು ಬಿಇಒ ಕಚೇರಿಗೆ ಕೊಡಿ. ಅಲ್ಲೂ ಆಗದಿದ್ದರೆ ಬೆಂಗಳೂರಿನ ರಾಜ್ಯ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೆ ದೂರು ಬರೆಯಬಹುದು.

ಊರಿನವರ ಪಾಲೂ ಇದೆ

ಎಸ್‌ಡಿಎಂಸಿ ಸಭೆಯಲ್ಲಿ ಬಣ್ಣ, ಕಾಂಪೌಂಡು ಎಂದು ಮಾತು ಮುಗಿಯುತ್ತದೆ. ಇಂಥ ಎಷ್ಟು ಮಕ್ಕಳಿದ್ದಾರೆ, ಎಷ್ಟು ಮಂದಿಗೆ ಓದಲು ಬರುತ್ತದೆ ಎಂದು ಒಬ್ಬ ಪಾಲಕ ಎದ್ದು ಕೇಳಿದರೆ ಸಭೆಯ ದಾರಿ ಬದಲಾಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆಂದೇ ಶೇ 5ರಷ್ಟು ಹಣ ಮೀಸಲಿಡಬೇಕು. ಆ ಹಣ ಎಲ್ಲಿ ಖರ್ಚಾಯಿತು ಎಂದು ಗ್ರಾಮಸಭೆಯಲ್ಲಿ ಕೇಳುವುದು ಎಲ್ಲರ ಹಕ್ಕು.

ಅಂಗಡಿಕಾರರೂ ಒಂದು ಕೆಲಸ ಮಾಡಬಹುದು. ಗಲ್ಲಾ ಪಕ್ಕ ಕೂತ ಮಗುವನ್ನು ಕಂಡಾಗ ‘ಪಾಪ’ ಎಂದು ಚಾಕೊಲೇಟ್ ಕೊಟ್ಟು ಮುಂದೆ ಹೋಗುವ ಬದಲು ‘ಸಾಲಿಗೆ ಯಾಕ ಕಳಿಸಿಲ್ರಿ?’ ಎಂದು ಅಪ್ಪನನ್ನು ಕೇಳಿ. ಆ ಪ್ರಶ್ನೆ ಹತ್ತು ಜನರಿಂದ ಬಂದರೆ ಈ ಜೂನ್‌ನಲ್ಲಿ ಅಪ್ಪನಿಗೂ ಶಾಲೆಯ ಬಾಗಿಲಿಗೆ ಹೋಗಿ ನಿಲ್ಲುವ ಧೈರ್ಯ ಬರುತ್ತದೆ.